ಮಾನಿಟರ್ ಮಗ್ಗುಲಲ್ಲಿ ಕೂತವನು: ಮೈಕ್‌ಸೆಟ್ ಅಂಗಡಿಯಿಂದ ಬಂದ ಒಬ್ಬ ಹುಡುಗನ ಪ್ರಕರಣ

2022ರಲ್ಲಿ ಗಣೇಶನ ಹಬ್ಬ ಆಗಸ್ಟ್ 31ಕ್ಕೆ ಬಂದಿತ್ತು. ಮೂರನೇ ದಿನ ಸಂಜೆ ಬೆಂಗಳೂರಿನ ಒಂದು ಬಡಾವಣೆಯ ಪೆಂಡಾಲಿನಲ್ಲಿ ಕರ್ನಾಟಕ ಸಂಗೀತ ಕಚೇರಿ. ಹಾಡುವವರು ಐವತ್ತು ದಾಟಿದ ವಿದುಷಿ. ಜೊತೆಗೆ ಪಿಟೀಲು, ಮೃದಂಗ, ಘಟ. ತಲೆ ಮೇಲೆ ತಗಡಿನ ಶೀಟು, ಮೂರು ಕಡೆ ಬಟ್ಟೆ. ಸೌಂಡ್ ನಮ್ಮದು.

ವರ್ಣ ಮುಗಿಯುವಷ್ಟರಲ್ಲಿ ವೇದಿಕೆ ಮೇಲೆ ಕೈಸನ್ನೆಯ ಜಗಳ ಶುರುವಾಯಿತು. ಪಿಟೀಲಿನವರು ಮುಂದಿದ್ದ ಮಾನಿಟರ್ ಪೆಟ್ಟಿಗೆ (ಕಲಾವಿದರಿಗೇ ಕೇಳಿಸಲಿ ಅಂತ ಅವರ ಕಡೆ ತಿರುಗಿಸಿಟ್ಟ ಸ್ಪೀಕರ್) ತೋರಿಸಿ ಬೆರಳು ಮೇಲೆತ್ತಿದರು. ಏರಿಸಿದೆ. ಅದು ಮೃದಂಗದವರಿಗೆ ಅಡ್ಡ ಬಂತು, ಅವರೂ ಬೆರಳೆತ್ತಿದರು. ಅವರಿಗೂ ಏರಿಸಿದೆ. ಘಟದವರು ಸುಮ್ನೆ ಇರ್ತಾರಾ? ಎರಡನೇ ಕೃತಿಯ ಅನುಪಲ್ಲವಿಗೆ ಬರುವ ಹೊತ್ತಿಗೆ ನಾಲ್ಕೂ ಪೆಟ್ಟಿಗೆ ಕೂಗುತ್ತಿದ್ದವು. ವಿದುಷಿ ಹಾಡು ನಿಲ್ಲಿಸಿ ಮೈಕಿನಲ್ಲೇ ಹೇಳಿದರು: "ನನಗೆ ನಾನೇ ಕೇಳಿಸ್ತಾ ಇಲ್ಲಪ್ಪ." ಇಡೀ ಪೆಂಡಾಲು ತಿರುಗಿ ನನ್ನ ಕಡೆ ನೋಡಿತು. ಸೌಂಡ್‌ನವನ ಮುಖ ಜನ ನೋಡೋದು ಇಂಥ ಹೊತ್ತಲ್ಲೇ.

ಕೇಬಲ್ ಎಳೆಯೋಕೆ ಅಂತ ಕರೆತಂದಿದ್ದ ಹುಡುಗ ನನ್ನ ಬೆನ್ನ ಹಿಂದೆ ಬಂದು ನಿಂತ. "ಅಣ್ಣಾ, ಏರಿಸಬ್ಯಾಡ್ರಿ. ಅಕ್ಕಾರ ಪೆಟ್ಟಿಗ್ಯಾಗಿಂದ ಮೃದಂಗ ತಗೀರಿ. ಗುಂಯ್ ಅನ್ನೋದು ಅಲ್ಲಿಂದನ ಬರಾಕತ್ತೈತಿ" ಅಂದ. ಮಾನಿಟರ್ ನೋಡಿಕೊಳ್ಳುವ ಟ್ಯಾಬ್ ಅವನ ಕೈಗಿಟ್ಟು "ಹೋಗು, ನೀನೇ ಮಾಡು" ಅಂದೆ. ನಂಬಿಕೆಯಿಂದ ಕೊಟ್ಟೆ ಅಂತ ಹೇಳಿಕೊಳ್ಳಬಹುದಿತ್ತು. ಕೊಟ್ಟಿದ್ದು ಸಿಟ್ಟಿನಲ್ಲಿ.

ಅವನು ಹೋಗಿ ವಿದುಷಿಯ ಹಿಂದೆ, ತಂಬೂರಿ ಹಿಡಿದಿದ್ದ ಶಿಷ್ಯೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಒಂದು ನಿಮಿಷ ಏನೂ ಮುಟ್ಟಲಿಲ್ಲ, ಕೇಳಿಸಿಕೊಂಡ. ಆಮೇಲೆ ಅವರ ಪೆಟ್ಟಿಗೆಯಿಂದ ಮೃದಂಗವನ್ನು ಪೂರ್ತಿ ತೆಗೆದ. ನಾಲ್ಕು ಅಡಿ ಆಚೆ ಮೃದಂಗವೇ ನುಡೀತಿರುವಾಗ ಅದನ್ನು ಮತ್ತೆ ಪೆಟ್ಟಿಗೆಯಲ್ಲೂ ಕೊಡೋದು ಯಾಕೆ, ಅಲ್ವಾ? ಪಿಟೀಲಿನವರ ಪೆಟ್ಟಿಗೆಯನ್ನು ಅವರ ಕಿವಿಯ ಕಡೆಗೆ ಸರಿಯಾಗಿ ತಿರುಗಿಸಿ, ದನಿ ಇಳಿಸಿದ. ತಿರುಗಿಸಿದ್ದರಿಂದ ಇಳಿಸಿದ್ದು ಅವರಿಗೆ ಗೊತ್ತಾಗಲೇ ಇಲ್ಲ. ವಿದುಷಿಯ ದನಿಯಲ್ಲಿ 250 ಹರ್ಟ್ಸ್ (ಸೆಕೆಂಡಿಗೆ 250 ಕಂಪನ) ಆಸುಪಾಸಿನ ಗುಂಯ್ ತಗ್ಗಿಸಿದ. ತಂಬೂರಿ ಚೂರು ಜಾಸ್ತಿ ಮಾಡಿದ. ಅವರ ದನಿಯನ್ನು ಒಂದು ಕೂದಲೆಳೆಯಷ್ಟೂ ಏರಿಸಲಿಲ್ಲ. ನಾಲ್ಕು ಸಾಲು ಹಾಡುವಷ್ಟರಲ್ಲಿ ಅವರು ಹಾಡುತ್ತಲೇ ಅಂಗೈ ಎತ್ತಿ "ಸಾಕು" ಅಂತ ತೋರಿಸಿದರು.

ನವರಾತ್ರಿಗೆ ಅವರದೇ ಇನ್ನೊಂದು ಕಚೇರಿ ಇತ್ತು. ಫೋನ್ ಬಂತು: "ಆ ಹುಡುಗನ್ನೇ ಕಳಿಸಿ." ನನ್ನನ್ನು ಬರಬೇಡಿ ಅಂತೇನೂ ಅನ್ನಲಿಲ್ಲ. ಆದರೆ ಬನ್ನಿ ಅಂತಲೂ ಅನ್ನಲಿಲ್ಲ.

"ಮ್ಯೂಸಿಕ್ ಫೀಲ್ಡಲ್ಲಿ ಏನಾದ್ರೂ ಮಾಡಬೇಕು ಸಾರ್, ಹಾಡೋಕೆ ಬರಲ್ಲ" ಅಂತ ನನ್ನ ಹತ್ತಿರ ಬರುವವರು ಬಹಳ. ಅವರಿಗೆ ನಾನು ಈಗ ಈ ಹುಡುಗನ ಕಥೆ ಹೇಳ್ತೀನಿ. ಇದರಲ್ಲಿ ಗೆಲುವೂ ಇದೆ, ನನ್ನ ತಪ್ಪೂ ಇದೆ, ಒಂದು ಕೆಟ್ಟ ಸುದ್ದಿಯೂ ಇದೆ. ಕೆಟ್ಟ ಸುದ್ದಿಗೆ ಆಮೇಲೆ ಬರ್ತೀನಿ.

ಕಿವಿ ಬಂದಿದ್ದು ಎಲ್ಲಿಂದ

ರಾಣೆಬೆನ್ನೂರು ತಾಲೂಕಿನವನು. ಸೋದರಮಾವನದು ಶಾಮಿಯಾನ ಮತ್ತು ಮೈಕ್‌ಸೆಟ್ ಅಂಗಡಿ. ಎಂಟನೇ ಕ್ಲಾಸಿನಿಂದಲೇ ಅಲ್ಲಿ ಕೆಲಸ. ಮದುವೆ, ಜಾತ್ರೆ, ಚುನಾವಣೆಯ ಪ್ರಚಾರದ ಆಟೋ, ಗಣಪತಿ ಮೆರವಣಿಗೆ. ಬೊಂಬಿಗೆ ಅಹುಜಾ ಹಾರ್ನ್ ಕಟ್ಟಿ ಮೇಲೇರಿಸುವುದು, ಯಾವ ಕಡೆ ತಿರುಗಿಸಿದರೆ ಮೈಕ್ ಸೀಟಿ ಹೊಡೆಯುವುದಿಲ್ಲ ಅಂತ ನೋಡುವುದು. ಹಾರ್ನಿನಲ್ಲಿ ದಪ್ಪ ದನಿ ಬರುವುದಿಲ್ಲ, ತೀರಾ ಸಣ್ಣ ದನಿಯೂ ಬರುವುದಿಲ್ಲ, ನಡುವಿನದಷ್ಟೇ. ಆ ಇಕ್ಕಟ್ಟಿನಲ್ಲಿ ಮಾತು ಅರ್ಥವಾಗುವಂತೆ ಮಾಡಬೇಕು. ಅದಕ್ಕಿಂತ ಒಳ್ಳೆ ಪಾಠಶಾಲೆ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಎಲ್ಲರೂ ಒಪ್ಪಲ್ಲ.

ಅವನಿಗೆ ಫ್ರೀಕ್ವೆನ್ಸಿ ನಂಬರು ಒಂದೂ ಗೊತ್ತಿರಲಿಲ್ಲ. ಎಲ್ಲದಕ್ಕೂ ಅವನದೇ ಹೆಸರು. ನಾನು ಒಂದು ದಿನ ಗೋದಾಮಿನಲ್ಲಿ ಕೂತು ಹಳೇ ಡೈರಿಯ ಒಂದು ಪುಟದಲ್ಲಿ ಅವನ್ನು ಬರೆಸಿದೆ. ಎಡಗಡೆ ಅವನ ಹೆಸರು, ಬಲಗಡೆ ನಂಬರು. "ಗುಂಯ್" ಅಂದರೆ 200ರಿಂದ 300. "ಮೂಗು" ಅಂದರೆ 800ರಿಂದ 1000. "ಕುಕ್ಕರ್ ಸೀಟಿ" ಅಂದರೆ ಎರಡೂವರೆಯಿಂದ ನಾಲ್ಕು ಸಾವಿರ. "ಹಾವು", ಅಂದರೆ ಹಾಡುವವರ ಸಕಾರ ಚುಚ್ಚುವುದು, ಆರರಿಂದ ಎಂಟು ಸಾವಿರ. ಜನರೇಟರ್ ಹತ್ತಿರ ಬರುವ "ದುಂಬಿ" 50, ಇಲ್ಲ ಅದರ ದುಪ್ಪಟ್ಟು 100. ಮೂರು ವಾರದಲ್ಲಿ ಸೀಟಿ ಹೊಡೆದ ಕೂಡಲೇ ನಂಬರು ಹೇಳುವಷ್ಟಾದ. ಆ ಪುಟ ಈಗಲೂ ಅವನ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿದೆ.

2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ಬಂದ. ಆಗ 22 ವಯಸ್ಸು, ಪಿಯುಸಿ ಆಗಿತ್ತು. ಮಾರ್ಚ್ 25ಕ್ಕೆ ಲಾಕ್‌ಡೌನ್. ಮೊದಲು ನಿಂತಿದ್ದು ನಮ್ಮ ಕೆಲಸ, ಕಡೆಗೆ ಶುರುವಾಗಿದ್ದೂ ನಮ್ಮ ಕೆಲಸ. ಊರಿಗೆ ಹೋದ. 2021ರಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತ. 2022ರ ಜನವರಿಯಲ್ಲಿ ಮತ್ತೆ ಬಂದ.

ಕೋರ್ಸಿನ ಮಾತು

ಬಂದವನೇ ಕೇಳಿದ್ದು ಕೋರ್ಸಿನ ಬಗ್ಗೆ. ಯಾವುದೋ ಖಾಸಗಿ ಸಂಸ್ಥೆ, ಒಂದು ವರ್ಷಕ್ಕೆ ಮೂರೂವರೆ ಲಕ್ಷ. ಅಪ್ಪ ಹೊಲದ ಮೇಲೆ ಸಾಲ ಎತ್ತೋಕೆ ತಯಾರಾಗಿದ್ದರು. ನಾನು ಬೇಡ ಅಂದೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಎಫ್‌ಟಿಐಐಗೆ ಡಿಗ್ರಿ ಬೇಕು. ನಮ್ಮ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಎಸ್ಸೆಸ್ಸೆಲ್ಸಿ ಆದವರಿಗೆ ಸೌಂಡ್ ರೆಕಾರ್ಡಿಂಗ್ ಡಿಪ್ಲೊಮಾ ಇದೆ, ಫೀಜೂ ಕಮ್ಮಿ. ಆದರೆ ಮೂರು ವರ್ಷ. ಅವನ ಮನೆಯಲ್ಲಿ ಮೂರು ವರ್ಷ ಸಂಪಾದನೆ ಇಲ್ಲದೆ ನಡೆಯುತ್ತಿರಲಿಲ್ಲ.

ಕೋರ್ಸ್ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳ್ತಿಲ್ಲ. ಯಾಕೆ ಅನ್ನೋದನ್ನು ಕೋರ್ಸ್ ಹೇಳಿಕೊಡುತ್ತೆ. ಜಾತ್ರೆಯಲ್ಲಿ ದೂರದ ಹಾರ್ನಿನ ದನಿ ತಡವಾಗಿ ಕೇಳಿಸುತ್ತೆ ಅಂತ ಇವನಿಗೆ ಗೊತ್ತಿತ್ತು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ, ಹಾಗಾಗಿ 34 ಮೀಟರ್ ಹಿಂದೆ ಇನ್ನೊಂದು ಜೊತೆ ಸ್ಪೀಕರ್ ಇಟ್ಟರೆ ಅದನ್ನು 100 ಮಿಲಿಸೆಕೆಂಡ್ ತಡ ಮಾಡಬೇಕು ಅಂತ ಗೊತ್ತಿರಲಿಲ್ಲ. ಅದನ್ನು ಹೇಳಿಕೊಡೋಕೆ ಹತ್ತು ನಿಮಿಷ ಸಾಕಾಯಿತು. ಮೃದಂಗ ತೆಗೀರಿ ಅಂತ ಹೇಳುವ ಕಿವಿಯನ್ನು ಹತ್ತು ನಿಮಿಷದಲ್ಲಿ ಯಾರೂ ಕೊಡೋಕಾಗಲ್ಲ. ಈ ಲೆಕ್ಕದಲ್ಲಿ ಬೇಡ ಅಂದಿದ್ದು.

ಆದರೆ ನಾನು ಮರೆತಿದ್ದ ಒಂದು ವಿಷಯ ಇತ್ತು. ಅಂಗಡಿಯಿಂದ ಕಿವಿಯ ಜೊತೆ ಬೇರೆ ಅಭ್ಯಾಸಗಳೂ ಬಂದಿರುತ್ತವೆ.

ಕಿತ್ತ ಪಿನ್ನು

2022ರ ಮೇ. ಕಲ್ಯಾಣ ಮಂಟಪದಲ್ಲಿ ರಿಸೆಪ್ಷನ್, ಆರ್ಕೆಸ್ಟ್ರಾ. ಸೌಂಡ್ ಚೆಕ್ ಹೊತ್ತಿಗೆ ದುಂಬಿ ಶುರುವಾಯಿತು. "ನಾ ನೋಡ್ಕೋತೀನ್ರಿ" ಅಂತ ಹೋದ, ಎರಡೇ ನಿಮಿಷದಲ್ಲಿ ದುಂಬಿ ಮಾಯ. ಶಭಾಷ್ ಅಂದೆ. ಅರ್ಧ ಗಂಟೆ ಬಿಟ್ಟು ಬೇಸ್ ಗಿಟಾರ್ ನುಡಿಸುತ್ತಲೇ ಹಾಡುತ್ತಿದ್ದವರು ಮೈಕಿಗೆ ತುಟಿ ತಾಗಿದ್ದೇ ತಲೆ ಹಿಂದಕ್ಕೆಳೆದುಕೊಂಡರು. ಜುಮ್ ಅಂತಂತೆ. ಮಲ್ಟಿಮೀಟರ್ ತಂದು ಒಂದು ಕಡ್ಡಿ ಗಿಟಾರ್ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಇಟ್ಟೆ. 100 ವೋಲ್ಟ್ ದಾಟಿ ತೋರಿಸಿತು.

ಗಿಟಾರ್ ಆಂಪ್ಲಿಫೈಯರಿನ ಪ್ಲಗ್ ನೋಡಿದರೆ ಮೇಲಿನ ದಪ್ಪ ಪಿನ್ನೇ ಇಲ್ಲ. ಅರ್ಥಿಂಗ್ ಪಿನ್ನನ್ನು ಕಟಿಂಗ್ ಪ್ಲೇಯರಿನಲ್ಲಿ ತುಂಡು ಮಾಡಿದ್ದ. "ಊರಾಗ ಎಲ್ಲಾರೂ ಹಿಂಗ ಮಾಡ್ತಾರ್ರೀ ಅಣ್ಣಾ" ಅಂದ. ನಿಜ, ಮಾಡ್ತಾರೆ. ಊರಲ್ಲಷ್ಟೇ ಅಲ್ಲ, ಬೆಂಗಳೂರಲ್ಲೂ ಮಾಡ್ತಾರೆ.

ಆಗಿದ್ದು ಇಷ್ಟು. ಮಿಕ್ಸರಿಗೆ (ಎಲ್ಲ ಮೈಕಿನ ದನಿ ಸೇರಿಸಿ ಹದ ಮಾಡುವ ಯಂತ್ರಕ್ಕೆ) ಮಂಟಪದ ಕರೆಂಟು, ವೇದಿಕೆಗೆ ಜನರೇಟರ್ ಕರೆಂಟು. ಎರಡು ಬೇರೆ ಬೇರೆ ಅರ್ಥಿಂಗ್. ಆಡಿಯೋ ಕೇಬಲ್ಲಿನ ಮೇಲುಹೊದಿಕೆ ಆ ಎರಡನ್ನೂ ಸೇರಿಸುತ್ತೆ, ಅದರಲ್ಲಿ ಕರೆಂಟು ಸುತ್ತು ಹೊಡೆಯುತ್ತೆ. ಅದೇ ದುಂಬಿ. ಪಿನ್ನು ಕಿತ್ತರೆ ಸುತ್ತು ಕಡಿದು ದುಂಬಿ ನಿಲ್ಲುತ್ತೆ. ಆದರೆ ಆಮೇಲೆ ಅರ್ಥಿಗೆ ಉಳಿಯೋದು ಆ ಕೇಬಲ್ಲಿನ ಹೊದಿಕೆ ಒಂದೇ. ಅದೂ ಬಿಟ್ಟರೆ ಆಂಪ್ಲಿಫೈಯರಿನ ಮೈ, ಅಲ್ಲಿಂದ ಗಿಟಾರಿನ ತಂತಿ, ಎಲ್ಲ ಅರ್ಥ್ ಇಲ್ಲದೆ ತೇಲುತ್ತಿರುತ್ತವೆ. ಬೆರಳು ತಂತಿ ಮೇಲೆ, ತುಟಿ ಮೈಕಿನ ಮೇಲೆ. ನಡುವೆ ಇರುವ ತಂತಿ ಯಾವುದು ಅಂತ ಯೋಚನೆ ಮಾಡಿ. ಅವತ್ತು ಬರೀ ಜುಮ್ ಅಂದಿತ್ತು. ಒಳಗೆ ಇನ್ಸುಲೇಷನ್ ಸುಟ್ಟಿದ್ದರೆ ಪೂರ್ತಿ 230 ವೋಲ್ಟ್.

ಅವತ್ತು ಅವನಿಗೆ ನಾನು ಬೈದಷ್ಟು ಯಾರಿಗೂ ಬೈದಿಲ್ಲ. ಆಮೇಲೆ ಕೂತು ಸರಿ ದಾರಿ ತೋರಿಸಿದೆ. ಮಿಕ್ಸರ್ ಮತ್ತು ವೇದಿಕೆ ಎರಡಕ್ಕೂ ಒಂದೇ ಬಾಕ್ಸಿನಿಂದ, ಒಂದೇ ಅರ್ಥಿಂಗಿನಿಂದ ಕರೆಂಟು ತಗೋ. ಲೈಟಿನವರನ್ನು ಬೇರೆ ಫೇಸಿಗೆ ಕಳಿಸು. ಆದರೂ ದುಂಬಿ ಇದ್ದರೆ ಡಿಐ ಬಾಕ್ಸಿನಲ್ಲಿ (ವಾದ್ಯದ ದನಿಯನ್ನು ಮಿಕ್ಸರಿಗೆ ದಾಟಿಸುವ ಸಣ್ಣ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಅಂತ ಒಂದು ಸ್ವಿಚ್ ಇದೆ, ಅದನ್ನು ಒತ್ತು. ಅದು ಕಡಿಯೋದು ಆಡಿಯೋ ಕೇಬಲ್ಲಿನ ಹೊದಿಕೆಯನ್ನು, ಕರೆಂಟಿನ ಅರ್ಥನ್ನಲ್ಲ. ಮಾರನೇ ದಿನ ಅವನೇ ಹೋಗಿ ಹನ್ನೆರಡು ಹೊಸ ಪ್ಲಗ್ ತಂದು ಗೋದಾಮಿನ ಎಲ್ಲ ಹಳೇ ವೈರಿಗೂ ಹಾಕಿದ. ತುಂಡಾದ ಪಿನ್ನಿನ ಪ್ಲಗ್ಗುಗಳಲ್ಲಿ ನಾಲ್ಕು ನನ್ನ ಕಾಲದ್ದೇ. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ನನ್ನ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟ.

ಸ್ಟುಡಿಯೋದಲ್ಲಿ ಮೂರು ತಿಂಗಳು

ಗಣೇಶನ ಕಚೇರಿ ಆದ ಮೇಲೂ ಅವನ ಮನಸ್ಸು ಲೈವ್ ಮೇಲೆ ಇರಲಿಲ್ಲ. "ನಂಗ ಸ್ಟುಡಿಯೋದಾಗ ಕುಂತು ಹಾಡು ಮಿಕ್ಸ್ ಮಾಡಬೇಕಂತ ಭಾಳ ಆಸೆ ಐತ್ರಿ ಅಣ್ಣಾ." ಎಸಿ ರೂಮು, ದೊಡ್ಡ ಸ್ಕ್ರೀನು, ಹಾಡಿನ ಕೆಳಗೆ ಹೆಸರು. ತಪ್ಪೇನಿಲ್ಲ. ನಮ್ಮ ಕಾಲದಲ್ಲೂ ಅದೇ ಆಸೆ ಇತ್ತು. ಒಂದು ಕಾಲಕ್ಕೆ ಕನ್ನಡ ಸಿನಿಮಾ ಹಾಡಿನ ರೆಕಾರ್ಡಿಂಗ್ ಅಂದರೆ ಮದ್ರಾಸಿನ ರೈಲು ಹತ್ತುವುದು. 80ರ ದಶಕದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದಾಗ, ಇನ್ನು ಇಲ್ಲೇ ಬದುಕಬಹುದು ಅಂತ ನಮ್ಮ ಹಿರಿಯರು ಖುಷಿಪಟ್ಟಿದ್ದರಂತೆ.

ಅಕ್ಟೋಬರಿನಲ್ಲಿ ಒಂದು ಸಣ್ಣ ಸ್ಟುಡಿಯೋ ಸೇರಿದ, ತಿಂಗಳಿಗೆ 12,000. ಸಿಕ್ಕ ಕೆಲಸ: ಬೇರೆಯವರು ಮನೆಯಲ್ಲಿ ರೆಕಾರ್ಡ್ ಮಾಡಿ ಕಳಿಸಿದ ಫೈಲುಗಳಿಗೆ ಹೆಸರು ಹಾಕುವುದು, ಎರಡು ಹಾರ್ಡ್ ಡಿಸ್ಕಿಗೆ ಬ್ಯಾಕಪ್ ತೆಗೆಯುವುದು, ಗಾಯಕರ ಉಸಿರಿನ ಸದ್ದು ಕತ್ತರಿಸುವುದು, ಟೀ. ಹಿಂದೆ ಸ್ಟುಡಿಯೋದಲ್ಲಿ ಹತ್ತು ವಾದ್ಯದವರು ಬಂದು ಕೂರುತ್ತಿದ್ದರು, ಅವರಿಗೆ ಮೈಕ್ ಇಡುತ್ತಾ ಸಹಾಯಕ ಕಲಿಯುತ್ತಿದ್ದ. ಈಗ ಅರ್ಧ ಹಾಡು ಲ್ಯಾಪ್‌ಟಾಪಿನಲ್ಲೇ ಹುಟ್ಟುತ್ತೆ. ಸಹಾಯಕ ನಿಂತು ಕಲಿಯುವ ಜಾಗವೇ ಚಿಕ್ಕದಾಗಿಬಿಟ್ಟಿದೆ. ಮೂರು ತಿಂಗಳಲ್ಲಿ ಅವನು ಒಂದೇ ಒಂದು ಮೈಕ್ ಕೈಯಲ್ಲಿ ಹಿಡಿದಿದ್ದು, ಅದೂ ಧೂಳು ಒರೆಸೋಕೆ.

ಅಲ್ಲಿದ್ದಾಗ ಇನ್ನೊಂದು ವಿಷಯ ತಿಳ್ಕೊಂಡ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿಯ ಪಾಲು ಬಿಟ್ಟುಕೊಡಲಾಗದ ಹಕ್ಕಾಯಿತು. ಮಿಕ್ಸ್ ಮಾಡಿದವನಿಗೆ ಅಂಥ ಹಕ್ಕು ಏನೂ ಇಲ್ಲ. ಹಾಡು ಕೋಟಿ ಸಲ ಓಡಿದರೂ ಅವನಿಗೆ ಮಾತಾಡಿಕೊಂಡ ಫೀಜಷ್ಟೇ. ಜನವರಿಯಲ್ಲಿ ವಾಪಸ್ ಬಂದ. ಸೋತು ಬಂದ ಅಂತ ನನಗೆ ಅನ್ನಿಸಲಿಲ್ಲ. ಫೈಲಿಗೆ ಶಿಸ್ತಾಗಿ ಹೆಸರಿಡುವ ಅಭ್ಯಾಸ ಅಲ್ಲಿಂದಲೇ ಬಂತು. ಈಗ ಅವನು ಕಳಿಸುವ ಇನ್‌ಪುಟ್ ಲಿಸ್ಟ್ ನೋಡಬೇಕು. ಯಾವ ಚಾನಲ್ಲಿಗೆ ಯಾವ ವಾದ್ಯ, ಯಾವ ಮೈಕ್, ಯಾವ ಸ್ಟ್ಯಾಂಡ್, ಯಾರಿಗೆ ಮಾನಿಟರಿನಲ್ಲಿ ಏನು ಬೇಕು, ಎಲ್ಲ ಒಂದೇ ಹಾಳೆಯಲ್ಲಿ. ಕಚೇರಿಗೆ ಎರಡು ದಿನ ಮುಂಚೆ ಹಾಡುವವರಿಗೇ ಫೋನ್ ಮಾಡಿ ಕೇಳಿ ಬರೆದುಕೊಳ್ತಾನೆ. ನಾನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹಾಗೆ ಕೇಳಿರಲಿಲ್ಲ.

ದುಡ್ಡು

ಹೆಲ್ಪರ್ ಆಗಿದ್ದಾಗ ದಿನಕ್ಕೆ 800, ಬಾಟಾ (ಊಟ, ಓಡಾಟದ ಭತ್ಯೆ) ಬೇರೆ. 2023ರಿಂದ ಮಾನಿಟರ್ ಎಂಜಿನಿಯರ್ ಅಂತ 3,500. ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮದು ತಿಂಗಳ ಸಂಬಳ ಅಲ್ಲ, ಪಂಚಾಂಗದ ಸಂಬಳ. ಗಣೇಶ, ದಸರಾ, ನವೆಂಬರ್ ಪೂರ್ತಿ ರಾಜ್ಯೋತ್ಸವ, ಫೆಬ್ರವರಿಯಲ್ಲಿ ಕಾಲೇಜ್ ಫೆಸ್ಟ್, ಆಮೇಲೆ ರಾಮನವಮಿ ಸಂಗೀತ, ಬೇಸಿಗೆ ಮದುವೆ. ನಡುವೆ ಆಷಾಢ ಮತ್ತು ಪಿತೃಪಕ್ಷ, ಎರಡೂ ಒಣ ಕಾಲ. 2023ರಲ್ಲಂತೂ ಆಷಾಢ ಮುಗಿಯಿತು ಅನ್ನುವಷ್ಟರಲ್ಲಿ ಅಧಿಕ ಶ್ರಾವಣ ಬಂತು, ಜುಲೈ 18ರಿಂದ ಆಗಸ್ಟ್ 16ರವರೆಗೆ. ಎರಡು ತಿಂಗಳು ಮದುವೆ ಇಲ್ಲ, ಕಾರ್ಯಕ್ರಮ ಇಲ್ಲ. ಅವನಿಗೆ ಸಿಕ್ಕಿದ್ದು ಏಳು ದಿನದ ಕೆಲಸ, ಅದೂ ಕಂಪನಿಗಳ ಫಂಕ್ಷನ್ನು. ಬಾಡಿಗೆ ಮಾತ್ರ ಅಧಿಕ ಮಾಸ ನೋಡಲ್ಲ.

ದಿನ ಅಂದರೆ ಎಷ್ಟು ಹೊತ್ತು ಅನ್ನೋದೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಹರಿದಿನಕ್ಕೆ ಅಂತ ವರ್ಷಕ್ಕೆ 15 ದಿನದವರೆಗೆ ಸರ್ಕಾರ ರಾತ್ರಿ 12ರ ತನಕ ಬಿಡಬಹುದು. ಜನ 10ಕ್ಕೆ ಮನೆಗೆ ಹೋಗ್ತಾರೆ. ನಮಗೆ ಕೇಬಲ್ ಸುತ್ತಿ, ಪೆಟ್ಟಿಗೆ ಲಾರಿಗೆ ಹೇರಿ, ಗೋದಾಮು ಸೇರುವಾಗ ಎರಡು ಗಂಟೆ. 10 ದಾಟಿದ ಮೇಲೂ ಹಾಡು ನಡೆದರೆ ಪೊಲೀಸಿನವರು ಕೇಳೋದು "ಆಂಪ್ಲಿಫೈಯರ್ ಯಾರದ್ರಿ?" ಅಂತ. ಹಾಡಿದವರನ್ನು ಯಾರೂ ಕೇಳಲ್ಲ.

ವಸೂಲಿಯೇ ಅರ್ಧ ಕೆಲಸ. ಮದುವೆಯವರು ಅದೇ ರಾತ್ರಿ ಕೈಗೆ ಕೊಡ್ತಾರೆ. ಗಣೇಶ ಸಮಿತಿಯವರು ವಿಸರ್ಜನೆ ಆಗಲಿ ಅಂತಾರೆ. ಕಂಪನಿಯವರು ಇನ್‌ವಾಯ್ಸ್ ಕಳಿಸಿ ಅಂತಾರೆ, ಆಮೇಲೆ ಎರಡು ತಿಂಗಳು. ಒಂದು ಇವೆಂಟ್ ಕಂಪನಿಗೆ ಅವನು ಒಂದೇ ವರ್ಷದಲ್ಲಿ 40 ದಿನ ಕೆಲಸ ಮಾಡಿದ್ದ. 1,40,000 ಬರಬೇಕು, ಬ್ಯಾಂಕಿಗೆ ಬಂದಿದ್ದು 1,26,000. "ನಂಗ ಮೋಸ ಮಾಡ್ಯಾರ್ರೀ ಅಣ್ಣಾ" ಅಂತ ಕಣ್ಣು ಕೆಂಪು ಮಾಡಿಕೊಂಡು ಬಂದ. ಮೋಸ ಅಲ್ಲ, 10 ಪರ್ಸೆಂಟ್ ಟಿಡಿಎಸ್, ಅಂದರೆ ದುಡ್ಡು ಕೊಡುವವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಅವನ ಪ್ಯಾನ್ ಹಾಕಿ, ಹಾಗೆ ಹಿಡಿದ ತೆರಿಗೆಯ ಲೆಕ್ಕ ಇರುವ ಫಾರ್ಮ್ 26ಎಎಸ್ ತೆಗೆದು ತೋರಿಸಿದೆ, 14,000 ಅವನ ಹೆಸರಲ್ಲೇ ಕೂತಿತ್ತು. ಒಟ್ಟು ಆದಾಯ ತೆರಿಗೆ ಕಟ್ಟುವಷ್ಟು ಇರಲಿಲ್ಲ, ರಿಟರ್ನ್ ಹಾಕಿದ, ಅಷ್ಟೂ ವಾಪಸ್ ಬಂತು. ಈ ಫೀಲ್ಡಿನಲ್ಲಿ ರಿಟರ್ನ್ ಹಾಕದೆ ದುಡ್ಡು ಬಿಟ್ಟವರು ಎಷ್ಟು ಜನ ಇದ್ದಾರೋ. ನಾನೂ ಮೊದಲ ಐದಾರು ವರ್ಷ ಬಿಟ್ಟಿದ್ದೆ.

ಎಡಗಿವಿ

ಈಗ ಕೆಟ್ಟ ಸುದ್ದಿ.

ಮಾನಿಟರ್ ಎಂಜಿನಿಯರ್ ಕೂರುವುದು ಸಾಮಾನ್ಯವಾಗಿ ಕಲಾವಿದರ ಎಡಗೈ ಪಕ್ಕದ ಮೂಲೆಯಲ್ಲಿ, ವೇದಿಕೆಯ ಕಡೆ ಮುಖ ಮಾಡಿ. ಹಾಗೆ ಕೂತರೆ ಜನ ಇರುವ ಕಡೆ, ಅಂದರೆ ದೊಡ್ಡ ಸ್ಪೀಕರ್ ಇರುವ ಕಡೆ, ಎಡಗಿವಿ. 2024ರ ದಸರಾ ಸಮಯದಲ್ಲಿ ಮೈಸೂರಿನಲ್ಲಿ ಕೆಲಸ ಇತ್ತು. ರಾತ್ರಿ ರೂಮಿಗೆ ಬಂದ ಮೇಲೆ ಎಡಗಿವಿಯಲ್ಲಿ ಕುಕ್ಕರ್ ಸೀಟಿ ನಿಲ್ಲುತ್ತಿಲ್ಲ ಅಂದ. "ಎಷ್ಟು ಕಿಲೋ?" ಅಂತ, ಅಂದರೆ ಎಷ್ಟು ಸಾವಿರ ಹರ್ಟ್ಸ್ ಅಂತ, ತಮಾಷೆಗೆ ಕೇಳಿದೆ. "ನಾಕು" ಅಂದ, ಥಟ್ಟನೆ.

ದಸರಾ ಮುಗಿದ ವಾರ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಕಿವಿ ಪರೀಕ್ಷೆಯ ಗ್ರಾಫು ಕೊಟ್ಟರು. ಎಡಗಿವಿಯ ಗೆರೆ ನೆಟ್ಟಗೆ ಬಂದು 4,000 ಹರ್ಟ್ಸ್ ಹತ್ತಿರ ಗುಂಡಿಗೆ ಬಿದ್ದು, 8,000ದ ಹೊತ್ತಿಗೆ ಮತ್ತೆ ಮೇಲೆ ಹತ್ತಿತ್ತು. ಜೋರು ಸದ್ದಿನಿಂದ ಕಿವಿ ಹಾಳಾದರೆ ಹೆಚ್ಚಾಗಿ ಹೀಗೇ, ಮೊದಲ ಗುಂಡಿ ಅಲ್ಲೇ. ಬಲಗಿವಿಯಲ್ಲಿ ಸಣ್ಣ ತಗ್ಗು. ವಯಸ್ಸು 26. ಹೋದದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳಿ ಅಂದರು.

ಅದು ನನ್ನ ಜೊತೆ ಎರಡು ವರ್ಷ ಕೂತಿದ್ದಕ್ಕೆ ಮಾತ್ರ ಆಗಿದ್ದಲ್ಲ. ಎಂಟನೇ ಕ್ಲಾಸಿನಿಂದ ಮೆರವಣಿಗೆಯಲ್ಲಿ ಟ್ರಾಕ್ಟರ್ ಮೇಲೆ, ಹಾರ್ನಿನ ಬಾಯಿಗೆ ತಲೆ ಕೊಟ್ಟು ನಿಂತವನು. ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯೋಷ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಅಲ್ಲಿಂದ ಪ್ರತಿ ಮೂರು ಡೆಸಿಬಲ್ ಏರಿದಂತೆ ಸಮಯ ಅರ್ಧ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. 100ಕ್ಕೆ ಕಾಲು ಗಂಟೆ. ಮೆರವಣಿಗೆ ಕಾಲು ಗಂಟೆಯಲ್ಲಿ ಮುಗಿಯೋದನ್ನ ಯಾರಾದ್ರೂ ನೋಡಿದ್ದೀರಾ? ಕಿವಿಯನ್ನು ತಿದ್ದಿದ ಅಂಗಡಿಯೇ ಕಿವಿಯನ್ನು ತಿಂದೂ ಇತ್ತು. ನಾನು ಅವನಿಗೆ ಅರ್ಥಿಂಗ್ ಹೇಳಿಕೊಟ್ಟೆ, ನಂಬರು ಹೇಳಿಕೊಟ್ಟೆ, ರಿಟರ್ನ್ ಹಾಕೋದು ಹೇಳಿಕೊಟ್ಟೆ. ಕಿವಿಗೆ ಏನಾದ್ರೂ ಹಾಕ್ಕೋ ಅಂತ ಒಂದು ದಿನವೂ ಹೇಳಿರಲಿಲ್ಲ. ನಾನೇ ಹಾಕಿಕೊಳ್ಳುತ್ತಿರಲಿಲ್ಲವಲ್ಲ.

ಈಗ ಅಚ್ಚು ತೆಗೆಸಿ ಮಾಡಿಸಿದ ಇಯರ್‌ಪ್ಲಗ್ ಹಾಕಿಕೊಳ್ತಾನೆ. ಮಿಕ್ಸರನ್ನು ವೇದಿಕೆಯ ಇನ್ನೊಂದು ಅಂಚಿಗೆ ಹಾಕಿಸ್ತಾನೆ, ಸಾಧ್ಯವಾದ ಕಡೆ. ನಾಲ್ಕು ಸಾವಿರದ ಹತ್ತಿರ ಏನಾದ್ರೂ ತೀರ್ಮಾನ ಮಾಡಬೇಕಾದರೆ ಬಲಗಿವಿ ತಿರುಗಿಸಿ ಕೇಳ್ತಾನೆ. ವಿದುಷಿಯ ಕಚೇರಿಗಳು ಇವತ್ತಿಗೂ ಅವನವೇ.

ಆ ದೀಪಾವಳಿಗೆ ಊರಿಗೆ ಹೋಗುವಾಗ ನೂರು ಜೊತೆ ಫೋಮ್ ಇಯರ್‌ಪ್ಲಗ್ ಇರುವ ಡಬ್ಬಿ ತಗೊಂಡು ಹೋದ, ಮಾವನ ಅಂಗಡಿಯ ಹುಡುಗರಿಗೆ. ಕೌಂಟರಿನ ಮೇಲಿಟ್ಟು, ಇದನ್ನು ಕಿವಿಗೆ ಹಾಕ್ಕೊಂಡು ಕೆಲಸ ಮಾಡಾಕ ಹೇಳ್ರಿ ಮಾವ ಅಂದನಂತೆ.

"ಏನು?" ಅಂದರಂತೆ ಮಾವ. ಇನ್ನೊಂದು ಸಲ ಹೇಳಿದ. "ಏನಂದಿ? ಜೋರಾಗಿ ಹೇಳಲೇ" ಅಂದರಂತೆ.